35×1, ಬಲಗಡೆ ಎಡಮುರಿ: ಫಿಲ್ ವುಡ್ ಬಾಟಮ್ ಬ್ರಾಕೆಟ್ ಜೊತೆ ಎರಡು ವರ್ಷ

ಬಾಟಮ್ ಬ್ರಾಕೆಟ್ ಎಂದರೆ ಸೈಕಲ್ಲಿನ ಪೆಡಲ್‌ಗಳ ಆಕ್ಸಲ್ಲನ್ನು ಫ್ರೇಮಿನಲ್ಲಿ ಹಿಡಿದಿಡುವ ಬೇರಿಂಗ್ ಜೋಡಣೆ. ಫಿಲ್ ವುಡ್ ಕಂಪನಿಯದು ಎಲ್ಲರೂ ಕೊಳ್ಳಬೇಕಾದ ವಸ್ತುವಲ್ಲ. ಬಹುಪಾಲು ಸೈಕಲ್‌ಗಳಿಗೆ ಇದಕ್ಕಿಂತ ಎಷ್ಟೋ ಅಗ್ಗದ ಸಾಮಾನು ಸಾಕು, ಅದರ ಹೆಸರನ್ನೂ ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಕೈಯಲ್ಲಿರುವುದು ನನ್ನದರಂಥ ಹಳೆಯ ಫ್ರೇಮ್ ಆಗಿದ್ದರೆ, ಅದರ ಥ್ರೆಡ್ (ಸ್ಕ್ರೂವಿನಲ್ಲಿರುವಂಥ ಸುತ್ತು ತೋಡು) ಇಂಗ್ಲಿಷ್ ಅಳತೆಯದ್ದಲ್ಲದಿದ್ದರೆ, ಅದನ್ನು ಕೆಡಿಸದೆ ಓಡಿಸುವ ಆಸೆಯಿದ್ದರೆ, ಈ ಬರಹ ನಿಮಗಾಗಿ.

ಫ್ರೇಮ್ ನನ್ನ ಸೋದರಮಾವನದು. ಅವರು ಅದನ್ನು ಎರಡು ಸಲ ಬಣ್ಣ ಬಳಿಸಿದ್ದರು, ಕಂಪನಿಯ ಹೆಸರು, ಲಾಂಛನ ಯಾವುದೂ ಉಳಿದಿರಲಿಲ್ಲ. ಉಕ್ಕಿನ ಕೊಳವೆಗಳು, ಹಿತ್ತಾಳೆ ಬೆಸುಗೆಯ ಲಗ್‌ಗಳು, ಎತ್ತಿದರೆ ಅಚ್ಚರಿಯಾಗುವಷ್ಟು ಹಗುರ. ಪೆಡಲ್ ತುಳಿದಾಗಲೆಲ್ಲ ಕೆಳಗಿನಿಂದ ಕಟಕ್ ಕಟಕ್ ಎಂಬ ಸದ್ದು. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ನನಗೆ ಕೊಟ್ಟರು. ರಿಪೇರಿಗೆ ಕೊಟ್ಟಾಗ ಮೆಕ್ಯಾನಿಕ್ ಬಾಟಮ್ ಬ್ರಾಕೆಟ್ಟಿನ ಎಡಗಡೆಯ, ಬೇರಿಂಗ್ ಕೂರುವ ಹಳೆಯ ಕಪ್ ಬಿಚ್ಚಿ, ಹೊಸ ಕಪ್ ಕೂರಿಸಲು ನೋಡಿದರು. ಮೊದಲ ಮೂರು ಸುತ್ತು ಬೆರಳಿನಲ್ಲೇ ಹೋಯಿತು. ನಾಲ್ಕನೆಯ ಸುತ್ತಿಗೆ ಬಿಗಿಯಾಯಿತು. ಅವರು ಉದ್ದನೆಯ ಸ್ಪ್ಯಾನರ್ ತಂದು ಇನ್ನೂ ಒಂದು ಸುತ್ತು ತಿರುಗಿಸಿದರು. ಉಕ್ಕು ಉಕ್ಕನ್ನು ಹರಿಯುವ ಆ ಕಿರುಗುಟ್ಟುವಿಕೆ ಕೇಳಿ ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಬಿಚ್ಚಿ ನೋಡಿದರೆ ಫ್ರೇಮ್‌ನ ಹೊರಗಿನ ಎರಡು ಥ್ರೆಡ್‌ಗಳ ತಲೆ ಮುರುಟಿ ಹೋಗಿತ್ತು.

ನಾನು ಹದಿನಾಲ್ಕು ವರ್ಷ ಯಂತ್ರಭಾಗಗಳ ತಪಾಸಣೆಯ ಕೆಲಸ ಮಾಡಿದವಳು. ಅಳತೆ ತೆಗೆಯದೆ ಬಲ ಹಾಕಬಾರದು ಎಂಬುದು ಆ ಮೇಜಿನ ಮೊದಲ ಪಾಠ. ಫ್ರೇಮ್ ಅನ್ನು ಮನೆಗೆ ತಂದು, ಹಳೆಯ ಕಪ್ಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ವರ್ನಿಯರ್ ಕ್ಯಾಲಿಪರ್ ಮತ್ತು ಪಿಚ್ ಗೇಜ್ ಹಿಡಿದು ಕುಳಿತೆ.

ಪೆಡಲ್‌ಗಳ ಆಕ್ಸಲ್ ಹಾದುಹೋಗುವ ಅಡ್ಡ ಕೊಳವೆಗೆ ಶೆಲ್ ಎನ್ನುತ್ತಾರೆ. ಅದರ ಎರಡೂ ತುದಿಗಳಲ್ಲಿ ಒಳಗಡೆ ಥ್ರೆಡ್ ಇರುತ್ತದೆ. ಅದರಲ್ಲಿ ಕಪ್‌ಗಳು ಕೂರುತ್ತವೆ, ಕಪ್‌ಗಳಲ್ಲಿ ಬೇರಿಂಗ್. ಕೇಳಲು ಸರಳ. ಆದರೆ ಒಂದೊಂದು ದೇಶದವರು ಒಂದೊಂದು ಅಳತೆ ಹಿಡಿದರು. ಇಂಗ್ಲಿಷ್ ಥ್ರೆಡ್ ಎಂದರೆ 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಇಂದು ಜಗತ್ತಿನ ಹೆಚ್ಚಿನ ಥ್ರೆಡ್ ಶೆಲ್‌ಗಳು ಇದೇ ಅಳತೆಯವು. ಬಿಎಸ್ಎ ಎಂದರೂ ಇದೇ. ಇಟಾಲಿಯನ್ ಥ್ರೆಡ್ 36 ಮಿಲಿಮೀಟರ್, ಅದಕ್ಕೂ ಇಂಚಿಗೆ 24 ಸುತ್ತು, ಶೆಲ್ಲಿನ ಅಗಲ ಮಾತ್ರ 70 ಮಿಲಿಮೀಟರ್. ಫ್ರೆಂಚ್ ಥ್ರೆಡ್ 35 ಮಿಲಿಮೀಟರ್, ಪಿಚ್, ಅಂದರೆ ಒಂದು ಸುತ್ತಿಗೆ ಸಾಗುವ ದೂರ, ಸರಿಯಾಗಿ 1 ಮಿಲಿಮೀಟರ್. ಸ್ವಿಸ್ ಥ್ರೆಡ್ಡಿನ ವ್ಯಾಸವೂ ಪಿಚ್ಚೂ ಫ್ರೆಂಚಿನವೇ, ಬಲಗಡೆಯ ತಿರುವು ಮಾತ್ರ ಉಲ್ಟಾ. ಹಳೆಯ ರ‍್ಯಾಲಿ ಸೈಕಲ್‌ಗಳದು ಮತ್ತೂ ಬೇರೆ: ಒಂದೂ ಮೂರೆಂಟಾಂಶ ಇಂಚು, ಇಂಚಿಗೆ 26 ಸುತ್ತು, ಶೆಲ್ಲಿನ ಅಗಲ 71 ಅಥವಾ 76 ಮಿಲಿಮೀಟರ್.

ನನ್ನ ಶೆಲ್ಲಿನ ಅಗಲ 68 ಮಿಲಿಮೀಟರ್ ಬಂತು. ಹಾಗಾಗಿ ಇಟಾಲಿಯನ್ ಅಲ್ಲ, ರ‍್ಯಾಲಿಯೂ ಅಲ್ಲ. ಆದರೆ ಇಂಗ್ಲಿಷ್, ಫ್ರೆಂಚ್, ಸ್ವಿಸ್ ಮೂರಕ್ಕೂ 68 ಬರುತ್ತದೆ. ಕಪ್ಪಿನ ಹೊರವ್ಯಾಸ ಅಳೆದೆ. 34.9ರ ಆಸುಪಾಸು. 1.37 ಇಂಚು ಎಂದರೆ 34.8 ಮಿಲಿಮೀಟರ್, ಫ್ರೆಂಚ್ ಎಂದರೆ 35. ದಶಕಗಳ ಕಾಲ ಸವೆದ ಕಪ್ಪಿನಲ್ಲಿ ಈ 0.2 ಮಿಲಿಮೀಟರ್ ಅಂತರವನ್ನು ನಂಬಿ ತೀರ್ಮಾನ ಹೇಳಲಾಗದು. ಇಲ್ಲಿ ವರ್ನಿಯರ್ ಸಾಕಾಗುವುದಿಲ್ಲ, ತೀರ್ಪು ಕೊಡುವುದು ಪಿಚ್ ಗೇಜ್. ಗರಗಸದ ಹಲ್ಲಿನಂತಿರುವ ಆ ತೆಳು ಬ್ಲೇಡ್‌ಗಳಲ್ಲಿ ಇಂಚಿಗೆ 24ರದನ್ನು ಕಪ್ಪಿನ ಮೇಲಿಟ್ಟೆ. ಒಂದು ತುದಿ ಕೂತರೆ ಇನ್ನೊಂದು ತುದಿ ಎದ್ದು ನಿಂತಿತು, ದೀಪಕ್ಕೆ ಹಿಡಿದರೆ ಸಂದಿನಲ್ಲಿ ಬೆಳಕು. 1 ಮಿಲಿಮೀಟರ್ ಬ್ಲೇಡ್ ಇಟ್ಟೆ. ಹಲ್ಲಿಗೆ ಹಲ್ಲು ಕಚ್ಚಿಕೊಂಡಿತು, ಬೆಳಕು ಎಲ್ಲೂ ತೂರಲಿಲ್ಲ.

ಮೆಕ್ಯಾನಿಕ್ ಕಪ್ ಮೂರು ಸುತ್ತು ಸಲೀಸಾಗಿ ಹೋಗಿದ್ದು ಏಕೆಂದು ಆಗ ಅರ್ಥವಾಯಿತು. ಇಂಚಿಗೆ 24 ಸುತ್ತು ಎಂದರೆ ಒಂದು ಸುತ್ತಿಗೆ 1.058 ಮಿಲಿಮೀಟರ್. ಫ್ರೆಂಚ್ ಶೆಲ್ಲಿನಲ್ಲಿ ಒಂದು ಸುತ್ತಿಗೆ 1. ಪ್ರತಿ ಸುತ್ತಿಗೂ 0.058 ಮಿಲಿಮೀಟರ್ ತಪ್ಪುತ್ತಾ ಹೋಗುತ್ತದೆ. ಇಂಗ್ಲಿಷ್ ಕಪ್ ವ್ಯಾಸದಲ್ಲಿ ಒಂದು ಕೂದಲಷ್ಟು ಸಣ್ಣದಾದ್ದರಿಂದ ಆರಂಭದಲ್ಲಿ ಸಡಿಲವಾಗಿಯೇ ಇಳಿಯುತ್ತದೆ, ಕೈಗೆ ಸರಿ ಎನಿಸುತ್ತದೆ. ಸುತ್ತು ಹೆಚ್ಚಿದಂತೆ ತಪ್ಪು ಕೂಡುತ್ತಾ ಬಂದು, ಹತ್ತು ಸುತ್ತಿಗೆ ಅರ್ಧ ಹಲ್ಲಿಗಿಂತ ಹೆಚ್ಚಾಗುತ್ತದೆ. ಅಷ್ಟರೊಳಗೇ ಕಚ್ಚಿ ನಿಲ್ಲುತ್ತದೆ. ನಿಂತದ್ದನ್ನು ಬಲದಿಂದ ಮುಂದೆ ತಳ್ಳಿದರೆ ಫ್ರೇಮ್ ಹಾಳು. ಕಪ್ ಪೂರ್ತಿ ಒಳಗೆ ಹೋಗುವವರೆಗೂ ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ಕೊಳೆ ಇದೆ, ಇಲ್ಲವೇ ಅಳತೆ ತಪ್ಪಿದೆ. ಸ್ಪ್ಯಾನರ್ ಬೇಕಾಗುವುದು ಕೊನೆಯ ಬಿಗಿತಕ್ಕೆ ಮಾತ್ರ.

ಇನ್ನು ಬಲಗಡೆಯ ಕಪ್. ಅದು ಫ್ರೇಮ್‌ನಲ್ಲೇ ಇತ್ತು, ತುಕ್ಕು ಹಿಡಿದು ಶೆಲ್ಲಿನೊಂದಿಗೆ ಒಂದಾಗಿತ್ತು. ಫ್ರೆಂಚ್ ಎಂದೇ ನಂಬಿ ಎರಡು ಸಂಜೆ ಅದನ್ನು ಎಡಕ್ಕೆ ತಿರುಗಿಸಲು ಒದ್ದಾಡಿದೆ. ಸ್ಪ್ಯಾನರ್ ಜಾರಿತೇ ಹೊರತು ಕಪ್ ಅಲುಗಲಿಲ್ಲ. ಮೂರನೆಯ ಸಂಜೆ ಕೆಲಸ ನಿಲ್ಲಿಸಿ ಮೊದಲು ದಿಕ್ಕು ತಿಳಿಯಬೇಕು ಎಂದುಕೊಂಡೆ.

ಶಂಖಕ್ಕೆ ಬಲಮುರಿ, ಎಡಮುರಿ ಎನ್ನುತ್ತೇವಲ್ಲ, ಥ್ರೆಡ್‌ಗೂ ಅದೇ ಮಾತು ಸರಿಹೊಂದುತ್ತದೆ. ಬಲಮುರಿ ಥ್ರೆಡ್ಡಿನ ತೋಡನ್ನು ಹಿಡಿದು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಅದು ನಿಮ್ಮಿಂದ ದೂರ ಸಾಗುತ್ತದೆ, ಎಡಮುರಿಯಾದರೆ ನಿಮ್ಮತ್ತ ಬರುತ್ತದೆ. ಯಾವ ತುದಿಯಿಂದ ನೋಡಿದರೂ ಈ ಮಾತು ಬದಲಾಗುವುದಿಲ್ಲ. ಬಲಗಡೆಯ ಕಪ್ ಮುಗಿದ ಮೇಲೂ ಶೆಲ್ಲಿನ ಒಳಗೋಡೆಯಲ್ಲಿ ಎರಡು ಮೂರು ಥ್ರೆಡ್ ಬರಿದಾಗಿ ಕಾಣುತ್ತಿದ್ದವು. ತೆಳುವಾದ ತಂತಿಯ ತುದಿಯನ್ನು ಬಗ್ಗಿಸಿ, ಎಡಗಡೆಯಿಂದ ಒಳಗೆ ತೂರಿಸಿ, ಟಾರ್ಚ್ ಬೆಳಕಿನಲ್ಲಿ ಒಂದು ತೋಡಿನಲ್ಲಿ ಕೂರಿಸಿದೆ. ನಿಧಾನವಾಗಿ ಬಲಕ್ಕೆ ಸುತ್ತಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ತಂತಿಯ ಮೊನೆ ಒಂದು ಮಿಲಿಮೀಟರ್ ನನ್ನ ಕಡೆಗೆ ಬಂದಿತ್ತು.

ಎಡಮುರಿ! ಅಂದರೆ ಇದು ಸ್ವಿಸ್ ಥ್ರೆಡ್. ಎರಡು ಸಂಜೆಯೂ ನಾನು ಆ ಕಪ್ಪನ್ನು ಬಿಚ್ಚುತ್ತಿರಲಿಲ್ಲ, ಇನ್ನಷ್ಟು ಬಿಗಿ ಮಾಡುತ್ತಿದ್ದೆ.

ಬಿಚ್ಚಲು 16 ಮಿಲಿಮೀಟರ್ ದಪ್ಪದ ಬೋಲ್ಟ್, ನಟ್ ಮತ್ತು ಅಗಲವಾದ ವಾಷರ್‌ಗಳನ್ನು ಬಳಸಿದೆ. ಬೋಲ್ಟಿನ ತಲೆ ಶೆಲ್ಲಿನ ಒಳಗೆ, ನಟ್ ಹೊರಗೆ, ನಡುವೆ ವಾಷರ್‌ಗಳ ಮಧ್ಯೆ ಕಪ್. ನಟ್ಟನ್ನು ಬಲಕ್ಕೆ ಬಿಗಿಯುತ್ತಾ ಹೋದರೆ ಅದು ಕಪ್ಪನ್ನು ಅವಚಿ ಹಿಡಿಯುತ್ತದೆ. ಇನ್ನೂ ಬಿಗಿದರೆ ಇಡೀ ಗಂಟು ಒಟ್ಟಾಗಿ ಬಲಕ್ಕೇ ತಿರುಗಲೇಬೇಕು. ಎಡಮುರಿ ಕಪ್ ಬಿಚ್ಚಿಕೊಳ್ಳುವುದೂ ಅದೇ ದಿಕ್ಕಿಗೆ. ಸ್ಪ್ಯಾನರ್ ಜಾರುವ ಭಯವಿಲ್ಲ. ಮಗ ಎಡಗಡೆಯಿಂದ ಸಾಕೆಟ್ ಹಾಕಿ ಬೋಲ್ಟಿನ ತಲೆ ಹಿಡಿದಿದ್ದ.

“ಅಮ್ಮಾ, ಇದು ನನ್ನ ಕೈಯನ್ನೂ ಎಳೆಯುತ್ತಿದೆ,” ಎಂದ.

“ಬಿಟ್ಟುಬಿಡು, ಹಿಡಿಯಬೇಡ.”

ಅವನು ಕೈ ಬಿಟ್ಟ. ಸ್ಪ್ಯಾನರಿಗೆ ಸಿಕ್ಕಿಸಿದ್ದ ಪೈಪನ್ನು ನಾನು ಮೈಭಾರ ಹಾಕಿ ಒತ್ತಿದೆ. ಟಕ್ ಎಂದು ಒಂದು ಸದ್ದು, ನಂತರ ಕಾಲು ಸುತ್ತು, ನಂತರ ಸರಾಗ. ತುಕ್ಕಿನ ಪುಡಿ ನೆಲಕ್ಕೆ ಉದುರಿತು.

ಬಲಗಡೆಗೆ ಎಡಮುರಿ ಏಕೆ ಬೇಕೆಂದು ಮಗ ಕೇಳಿದ. ಅವನ ಮುಷ್ಟಿಯನ್ನು ಸಡಿಲವಾಗಿ ಮುಚ್ಚಿಸಿ, ಅದರೊಳಗೆ ಪೆನ್ಸಿಲ್ ತೂರಿಸಿ, ಪೆನ್ಸಿಲನ್ನು ಮುಷ್ಟಿಯ ಒಳಗೋಡೆಗೆ ಒತ್ತಿಕೊಂಡೇ ಅದರ ತುದಿಯನ್ನು ಬಲಕ್ಕೆ ವೃತ್ತಾಕಾರವಾಗಿ ಸುತ್ತಿಸಿದೆ. ಪೆನ್ಸಿಲ್ ತನ್ನ ಮೈಮೇಲೆ ತಾನು ಎಡಕ್ಕೆ ಉರುಳಿತು. ಬಾಟಮ್ ಬ್ರಾಕೆಟ್‌ನಲ್ಲೂ ಇದೇ ನಡೆಯುತ್ತದೆ. ಗುಂಡುಗಳು ಉರುಳಿದಂತೆ ಒತ್ತಡದ ಬಿಂದು ತುಳಿತದ ದಿಕ್ಕಿನಲ್ಲಿ ಸುತ್ತುತ್ತದೆ, ಕಪ್ ಅದಕ್ಕೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಜರುಗಲು ನೋಡುತ್ತದೆ. ಬಲಗಡೆಯಿಂದ ನೋಡಿದರೆ ತುಳಿತ ಬಲಕ್ಕೆ, ಜರುಗುವಿಕೆ ಎಡಕ್ಕೆ. ಅಲ್ಲಿ ಬಲಮುರಿ ಥ್ರೆಡ್ ಇದ್ದರೆ ಕಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಎಡಮುರಿ ಇದ್ದರೆ ಬಿಗಿಯಾಗುತ್ತದೆ. ಇಂಗ್ಲಿಷ್, ಸ್ವಿಸ್, ರ‍್ಯಾಲಿ ಅಳತೆಗಳಲ್ಲಿ ಬಲಗಡೆ ಎಡಮುರಿ. ಇಟಾಲಿಯನ್ ಮತ್ತು ಫ್ರೆಂಚ್ ಅಳತೆಗಳಲ್ಲಿ ಎರಡೂ ಕಡೆ ಬಲಮುರಿ. ಅವುಗಳ ಬಲಗಡೆಯ ಕಪ್ ಸಡಿಲಗೊಳ್ಳುತ್ತದೆಂಬ ದೂರು ಹಳೆಯದು. ಪೆಡಲ್‌ಗಳಲ್ಲಿ ಎಡಮುರಿ ಇರುವುದು ಎಡಗಡೆ, ಇಲ್ಲಿ ಬಲಗಡೆ. ಎರಡನ್ನೂ ಬೆರೆಸಿಕೊಂಡು ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಸ್ವಿಸ್ ಎಂದು ಗೊತ್ತಾದ ಮೇಲೆ ನನ್ನೆದುರು ನಾಲ್ಕು ದಾರಿಗಳಿದ್ದವು. ಹಳೆಯ ಕಪ್‌ಗಳನ್ನೇ ಉಜ್ಜಿ ಹೊಸ ಗುಂಡು ಹಾಕುವುದು: ಕಪ್‌ಗಳ ಒಳಗೆ ಗುಂಡು ಓಡುವ ಜಾಡಿನಲ್ಲಿ ಗುಳಿಗಳು ಬಿದ್ದಿದ್ದವು, ಆ ಕಟಕ್ ಸದ್ದಿಗೆ ಅವೇ ಕಾರಣ. ಶೆಲ್ಲನ್ನು 36 ಮಿಲಿಮೀಟರಿಗೆ ಹಿಗ್ಗಿಸಿ ಇಟಾಲಿಯನ್ ಥ್ರೆಡ್ ಕತ್ತರಿಸುವುದು: ಥ್ರೆಡ್ ಪೂರ್ತಿ ಹಾಳಾದ ಶೆಲ್ಲಿಗೆ ಇದು ಒಳ್ಳೆಯ ಚಿಕಿತ್ಸೆ. ಆದರೆ ಕಡೆದು ತೆಗೆದ ಲೋಹ ಮರಳಿ ಬರುವುದಿಲ್ಲ, ತಾನಾಗಿ ಬಿಗಿಯಾಗುವ ಎಡಮುರಿಯನ್ನು ಕಳೆದು ಸಡಿಲವಾಗುವ ಬಲಮುರಿಯನ್ನು ತಂದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಥ್ರೆಡ್ಡೇ ಬೇಡದ, ಒಳಗಿನಿಂದ ಅರಳಿ ಶೆಲ್ಲನ್ನು ಹಿಡಿಯುವ ಬಗೆಯೂ ಇದೆ. ಅದನ್ನು ನಾನು ಕೊನೆಯ ಉಪಾಯವಾಗಿ ಇಟ್ಟುಕೊಂಡೆ. ನಾಲ್ಕನೆಯದು ಫಿಲ್ ವುಡ್.

ಫಿಲ್ ವುಡ್ 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಶುರುವಾದ ಕಂಪನಿ. ಅವರ ಬಾಟಮ್ ಬ್ರಾಕೆಟ್‌ನ ಜಾಣತನ ಇರುವುದು ಒಂದೇ ವಿಚಾರದಲ್ಲಿ: ಬೇರಿಂಗ್ ಬೇರೆ, ಥ್ರೆಡ್ ಬೇರೆ. ಆಕ್ಸಲ್ ಮತ್ತು ಮುಚ್ಚಿದ ಬೇರಿಂಗ್‌ಗಳು ಒಂದು ನುಣುಪು ನಳಿಗೆಯೊಳಗೆ ಕೂತಿವೆ. ಆ ನಳಿಗೆಯ ಮೇಲೆ ಥ್ರೆಡ್ಡೇ ಇಲ್ಲ. ಥ್ರೆಡ್ ಇರುವುದು ಎರಡು ಬಿಡಿ ಉಂಗುರಗಳ ಮೇಲೆ, ಅವು ಎರಡೂ ಬದಿಯಿಂದ ಬಂದು ನಳಿಗೆಯನ್ನು ಅಪ್ಪಿ ಹಿಡಿಯುತ್ತವೆ. ಉಂಗುರಗಳನ್ನು ಇಂಗ್ಲಿಷ್, ಇಟಾಲಿಯನ್, ಫ್ರೆಂಚ್, ಸ್ವಿಸ್ ಅಳತೆಗಳಲ್ಲಿ ಬಿಡಿಯಾಗಿ ಕೊಡುತ್ತಾರೆ. ಅಂದರೆ ಫ್ರೇಮ್ ಬದಲಾದರೆ ಉಂಗುರ ಬದಲಿಸಿದರಾಯಿತು, ಹೃದಯ ಅದೇ ಇರುತ್ತದೆ. ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದಾಗ, ಸಮಸ್ಯೆಯನ್ನು ಸರಿಯಾದ ಜಾಗದಲ್ಲಿ ಎರಡಾಗಿ ಸೀಳಿದ್ದಾರೆ ಎಂದು ಸಂತೋಷವಾಯಿತು.

ಕೂರಿಸುವ ಮೊದಲು ಎಡಗಡೆಯ ಮುರುಟಿದ ಥ್ರೆಡ್ ಸರಿಮಾಡಬೇಕಿತ್ತು. 35×1 ಅಳತೆಯ ಟ್ಯಾಪ್ ಸುಲಭವಾಗಿ ಸಿಗುವುದಿಲ್ಲ. ಆದರೆ ಹಳೆಯ ಉಕ್ಕಿನ ಎಡ ಕಪ್ ಇತ್ತಲ್ಲ! ಅದರ ಥ್ರೆಡ್‌ಗಳಿಗೆ ಅಡ್ಡವಾಗಿ ಹ್ಯಾಕ್ಸಾದಿಂದ ನಾಲ್ಕು ಸೀಳು ಕೊಯ್ದು, ಅಂಚುಗಳನ್ನು ಅರದಿಂದ ಉಜ್ಜಿ ಚೂಪು ಮಾಡಿದೆ. ಸವೆದ ಆ ಕಪ್ ಈಗ ಥ್ರೆಡ್ ತಿದ್ದುವ ಉಪಕರಣವಾಯಿತು. ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಹೊರತೆಗೆದು ಚೂರುಗಳನ್ನು ಒರೆಸುತ್ತಾ ಒಂದು ಗಂಟೆ ಕಳೆದೆ. ಆ ಕೆಲಸದಲ್ಲಿ ಅವಸರ ಮಾಡಿದರೆ ಅಡ್ಡ ಥ್ರೆಡ್ ಬೀಳುತ್ತದೆ, ಆಮೇಲೆ ಯಾವ ಉಂಗುರವೂ ನೆಟ್ಟಗೆ ಕೂರುವುದಿಲ್ಲ.

ನಂತರ ಉಂಗುರಗಳ ಸರದಿ. ಬಲಗಡೆಯದನ್ನು ಎಡಕ್ಕೆ ತಿರುಗಿಸುತ್ತಾ ಹೋದೆ, ಬೆರಳ ತುದಿಯಲ್ಲೇ ಕೊನೆಯವರೆಗೆ ಇಳಿಯಿತು. ನುಣುಪಾದ, ಅಲುಗಾಡದ, ಎಲ್ಲೂ ತಡೆಯದ ಆ ಇಳಿತವನ್ನು ತಪಾಸಣೆಯ ಮೇಜಿನಲ್ಲಿ ಕಂಡಿದ್ದರೆ ಮರುಮಾತಿಲ್ಲದೆ ಮುದ್ರೆ ಒತ್ತುತ್ತಿದ್ದೆ. ಎಡಗಡೆಯದು ತಿದ್ದಿದ ಎರಡು ಥ್ರೆಡ್‌ಗಳಲ್ಲಿ ಸ್ವಲ್ಪ ಬಿಗಿಯಾಗಿ, ಆಮೇಲೆ ಸಲೀಸಾಗಿ ಹೋಯಿತು. ಥ್ರೆಡ್‌ಗಳಿಗೆ ನೀಲಿ ಬಣ್ಣದ, ಮುಂದೆ ಬಿಚ್ಚಲು ಬರುವ ಥ್ರೆಡ್ ಅಂಟು ಹಚ್ಚಿದ್ದೆ.

ಎರಡೂ ಉಂಗುರಗಳಿಗೆ ಥ್ರೆಡ್ ಇರುವುದರಿಂದ ಇನ್ನೊಂದು ಅನುಕೂಲ ತಾನಾಗಿ ದಕ್ಕುತ್ತದೆ. ಒಂದನ್ನು ಸ್ವಲ್ಪ ಹೊರಗೆ ಬಿಟ್ಟು ಇನ್ನೊಂದನ್ನು ಅಷ್ಟೇ ಒಳಗೆ ತಿರುಗಿಸಿದರೆ ಇಡೀ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ನನ್ನ ಮುಂದಿನ ಹಲ್ಲುಚಕ್ರ ಹಿಂದಿನ ಚಕ್ರಗಳ ನಡುಗೆರೆಗಿಂತ ಎರಡು ಮಿಲಿಮೀಟರ್ ಹೊರಗಿತ್ತು. ಎರಡು ಸುತ್ತು ತಿರುಗಿಸಿದೆ, ಚೈನ್ ನೇರವಾಯಿತು. ಪಿಚ್ 1 ಮಿಲಿಮೀಟರ್ ಆದ್ದರಿಂದ ಲೆಕ್ಕಕ್ಕೆ ಕಾಗದವೂ ಬೇಕಾಗಲಿಲ್ಲ. ಬಲ ಅಂಚಿನಲ್ಲೇ ಬಿಗಿದು ಕೂರುವ, ಬೇರಿಂಗೂ ಆಕ್ಸಲ್ಲೂ ಒಂದೇ ತುಂಡಾಗಿ ಬರುವ ಸಾಮಾನ್ಯ ಕಾರ್ಟ್ರಿಜ್‌ಗಳಲ್ಲಿ ಇದಕ್ಕೆ ಅವಕಾಶವಿಲ್ಲ.

ಕೊರತೆಗಳನ್ನೂ ಹೇಳಬೇಕು. ಈ ಉಂಗುರಗಳಿಗೆ ಅದರದ್ದೇ ಟೂಲ್ ಬೇಕು. ಶಿಮಾನೊ ಕಾರ್ಟ್ರಿಜ್‌ಗೆ ಬಳಸುವ 20 ಹಲ್ಲಿನ ಟೂಲ್ ಇದಕ್ಕೆ ಹೊಂದುವುದಿಲ್ಲ. ಎರಡು ಉಂಗುರಗಳನ್ನು ಎದುರುಬದುರಾಗಿ ಬಿಗಿಯುವಾಗ ಒಂದು ಟೂಲ್ ಇದ್ದರೆ ಕಷ್ಟ, ಎರಡಿದ್ದರೆ ಸುಖ. ಬೆಲೆಯೂ ಹೆಚ್ಚು. ಮನೆಯಲ್ಲೇ ಬಿಚ್ಚಿ ಗ್ರೀಸ್ ತುಂಬುವ ಅಭ್ಯಾಸದವರಿಗೆ ಮುಚ್ಚಿದ ಬೇರಿಂಗ್ ಕೈಕಟ್ಟಿದಂತೆ ಅನಿಸಬಹುದು. ಆಕ್ಸಲ್ ತುದಿಯ ಚೌಕದಲ್ಲೂ ಜೆಐಎಸ್ (ಜಪಾನಿನ ಮಾನದಂಡ), ಐಎಸ್ಒ (ಅಂತರರಾಷ್ಟ್ರೀಯ ಮಾನದಂಡ) ಎಂದು ಎರಡು ಬಗೆ ಇವೆ, ಕ್ರ್ಯಾಂಕ್ (ಪೆಡಲ್ ಹೊತ್ತ ತೋಳು) ಯಾವುದಕ್ಕೆ ಹೊಂದುತ್ತದೆಂದು ನೋಡಿಯೇ ತರಿಸಬೇಕು. ತಪ್ಪಿದರೆ ಕ್ರ್ಯಾಂಕ್ ಕೂರುವ ಆಳವೇ ಬದಲಾಗುತ್ತದೆ.

ಎರಡು ವರ್ಷವಾಯಿತು. ಸುಮಾರು ಒಂಬತ್ತು ಸಾವಿರ ಕಿಲೋಮೀಟರ್ ತುಳಿದಿದ್ದೇನೆ, ಎರಡು ಮಳೆಗಾಲ ಸೇರಿ. ಕ್ರ್ಯಾಂಕ್ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಆಟವಿಲ್ಲ. ಚೈನ್ ತೆಗೆದು ಪೆಡಲ್ ಸುತ್ತಿಸಿ ಕಿವಿಯನ್ನು ಸೀಟಿನ ಕೊಳವೆಗೆ ಒತ್ತಿ ಕೇಳಿದರೂ ಸದ್ದಿಲ್ಲ. ಬಲ ಉಂಗುರದಿಂದ ಶೆಲ್ಲಿನವರೆಗೆ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿದ್ದೆ, ಉಂಗುರ ಜರುಗಿದರೆ ತಿಳಿಯಲಿ ಎಂದು. ಗೆರೆ ಎಲ್ಲೂ ಮುರಿದಿಲ್ಲ.

ನಿಮ್ಮ ಶೆಲ್ ಇಂಗ್ಲಿಷ್ ಅಳತೆಯದ್ದಾಗಿದ್ದರೆ ಇಷ್ಟೆಲ್ಲ ಬೇಡ. ಕಪ್ಪಿನ ಮೇಲೆ BC 1.37×24 ಎಂದು ಅಚ್ಚಾಗಿದ್ದರೆ, ಅಗಲ 68 ಅಥವಾ 73 ಮಿಲಿಮೀಟರ್ ಇದ್ದರೆ, ಚೌಕ ತುದಿಯ ಕ್ರ್ಯಾಂಕ್ ಇದ್ದರೆ, ಶಿಮಾನೊ ಯುಎನ್300 ತಂದು ಗ್ರೀಸ್ ಹಚ್ಚಿ 50ರಿಂದ 70 ನ್ಯೂಟನ್ ಮೀಟರ್ ಬಿಗಿತದಲ್ಲಿ ಕೂರಿಸಿ ಮರೆತುಬಿಡಿ. ಮಗನ ಸೈಕಲ್ಲಿಗೆ ಅದನ್ನೇ ಹಾಕಿದ್ದೇನೆ. ಅಂಗಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ದುಬಾರಿಯದೇ ಒಳ್ಳೆಯದು ಎಂದು ಫಿಲ್ ವುಡ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ಸೈಕಲ್‌ಗಳ ಕಡೆ ನೋಡಿದರೆ ಥ್ರೆಡ್ ಮೇಲಿನ ನನ್ನ ಪ್ರೀತಿ ಇನ್ನೂ ಹೆಚ್ಚುತ್ತದೆ. ನಡುವೆ ಹಲವು ಕಂಪನಿಗಳು ಥ್ರೆಡ್ ಬಿಟ್ಟು ಬೇರಿಂಗ್‌ಗಳನ್ನು ಶೆಲ್ಲಿಗೆ ಒತ್ತಿ ಕೂರಿಸುವ ಪದ್ಧತಿಗೆ ಹೋದವು. ಶೆಲ್ಲಿನ ಅಳತೆ ಎಳ್ಳಷ್ಟು ತಪ್ಪಿದರೂ ಕಿರ್ ಎನ್ನುವ ಸದ್ದು ಅಲ್ಲಿನ ಸಾಮಾನ್ಯ ದೂರು. 2015ರಲ್ಲಿ ಕ್ರಿಸ್ ಕಿಂಗ್ ಮತ್ತು ಆರ್ಗೊನಾಟ್ ಕಂಪನಿಗಳು ಸೇರಿ ಟಿ47 ಎಂಬ ಹೊಸ ಥ್ರೆಡ್ ಅಳತೆ ತಂದವು: 47 ಮಿಲಿಮೀಟರ್ ವ್ಯಾಸ, 1 ಮಿಲಿಮೀಟರ್ ಪಿಚ್, ಬಲಗಡೆ ಎಡಮುರಿ. 2020ರ ಸ್ಪೆಷಲೈಸ್ಡ್ ಕಂಪನಿಯ ಟಾರ್ಮ್ಯಾಕ್ ಎಸ್ಎಲ್7 ಸೈಕಲ್ ಮತ್ತೆ ಬಿಎಸ್ಎ ಥ್ರೆಡ್ಡಿಗೇ ಬಂತು. ಟಿ47ರ ಪಿಚ್ಚೂ ತಿರುವೂ ನನ್ನ ಸೋದರಮಾವನ ಫ್ರೇಮಿನವೇ, ವ್ಯಾಸ ಮಾತ್ರ ದೊಡ್ಡದು. ಅದನ್ನು ಓದಿದ ದಿನ ಅವರಿಗೆ ಹೇಳಬೇಕೆನಿಸಿತು.

ಹಳೆಯ ಬಲ ಕಪ್ಪನ್ನು ನಾನು ಎಸೆದಿಲ್ಲ. ಒಂದು ವಾರ ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ಅದರ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 35×1 ಎಂದು ಮೂಡಿತು. ಅಷ್ಟು ವರ್ಷವೂ ಅದು ಅಲ್ಲೇ ಇತ್ತು, ತುಕ್ಕಿನಡಿ. ಈಗ ಮಗ ಶೆಲ್ಲಿನ ಅಡಿಭಾಗದಲ್ಲಿ ಬಿಳಿ ಬಣ್ಣದಿಂದ ಸ್ಪಷ್ಟವಾಗಿ ಬರೆದಿದ್ದಾನೆ: “35×1, ಬಲಗಡೆ ಎಡಮುರಿ.” ಅದರ ಮೇಲೆ ಎರಡು ಪದರ ವಾರ್ನಿಷ್ ಬಳಿದಿದ್ದೇವೆ.